ಶಾಲೆಯ ವಸ್ತುಪ್ರದರ್ಶನಕ್ಕೆ ಬಿತ್ತನೆ ರಾಗಿಯ ಪರೀಕ್ಷೆ



1928ರಲ್ಲಿ ಸಿ. ವಿ. ರಾಮನ್‌ರವರು ರಾಮನ್ ಪರಿಣಾಮವನ್ನು ಕಂಡುಹಿಡಿದ ನೆನಪಿಗೆ ಫೆಬ್ರವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ನಡೆಯುತ್ತದೆ. ಆಗ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನವಿರುತ್ತದೆ. ಅದಕ್ಕಾಗಿ ಮಕ್ಕಳಿಗೆ ಪೇಟೆಯ ಸಾಮಾನು ಕೊಡಿಸಬೇಕಾಗಿಲ್ಲ. ಮನೆಯ ಬಿತ್ತನೆ ರಾಗಿಯೇ ಸಾಕು.

ಕಳೆದ ಮುಂಗಾರಿನಲ್ಲಿ ನಮ್ಮ ವಲಯದ ರೈತರೊಬ್ಬರು ಮೂಲೆಯಲ್ಲಿದ್ದ ಹಳೆಯ ರಾಗಿಯನ್ನೇ ಬಿತ್ತಿದರು. ಮಳೆ ಬಂದಿತು, ಬೀಜ ಮೊಳೆಯಲಿಲ್ಲ. ಮತ್ತೆ ಬೀಜ ತರುವಷ್ಟರಲ್ಲಿ ಹದ ತಪ್ಪಿತ್ತು. ಬಿತ್ತನೆಗೆ ಮೊದಲೇ ಪರೀಕ್ಷಿಸಿರೆಂದು ನಾನೂ ಅವರಿಗೆ ಹೇಳಿರಲಿಲ್ಲ.

ಪರೀಕ್ಷೆಯ ಕ್ರಮ ಹೀಗಿದೆ. ಚೀಲದ ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ತೆಗೆದು ಬೆರೆಸಬೇಕು. ಅದರಿಂದ 100 ಕಾಳುಗಳನ್ನು ಎಣಿಸಬೇಕು. ದಪ್ಪ ಕಾಳುಗಳನ್ನೇ ಆರಿಸಬಾರದು. ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಕುದಿಸಿ ಆರಿಸಿದ ಒದ್ದೆ ಬಟ್ಟೆಯ ಮೇಲೆ ಹತ್ತು ಹತ್ತರ ಸಾಲಿಟ್ಟು, ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ಬಟ್ಟೆ ಒಣಗದಂತೆ ದಿನವೂ ನೀರು ಚಿಮುಕಿಸಬೇಕು, ನೀರು ನಿಲ್ಲಬಾರದು.

ಎಂಟನೆಯ ದಿನ ಬೇರು, ಚಿಗುರು ಎರಡೂ ಚೆನ್ನಾಗಿ ಬಂದ ಸಸಿಗಳನ್ನು ಮಾತ್ರ ಎಣಿಸತಕ್ಕದ್ದು. ಪ್ರಮಾಣಿತ ರಾಗಿ ಬೀಜಕ್ಕೆ ಕನಿಷ್ಠ ಶೇಕಡ 75 ಮೊಳಕೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಬೇರೆ ಬೀಜ ಹೊಂದಿಸಿಕೊಳ್ಳುವುದೇ ಲೇಸು.

ಉಪಾಧ್ಯಾಯರು ಹಳೆಯ ಮತ್ತು ಹೊಸ ರಾಗಿಯನ್ನು ಜೊತೆಯಲ್ಲಿ ಪರೀಕ್ಷಿಸಿ, ಎರಡು ಲೆಕ್ಕಗಳನ್ನೂ ಹಲಗೆಯ ಮೇಲೆ ಬರೆಸಲಿ. ಬಿತ್ತನೆಗೆ ಹದಿನೈದು ದಿನ ಮೊದಲು ಅದೇ ಮಕ್ಕಳು ಮನೆಯಲ್ಲಿ ಮತ್ತೊಮ್ಮೆ ಮಾಡಲಿ. ಮಗು ಹೇಳಿದ ಲೆಕ್ಕವನ್ನು ಹಿರಿಯರು ಕಿವಿಗೊಟ್ಟು ಕೇಳಿದರೆ ಒಂದು ಬೆಳೆ ಉಳಿದೀತು.