ಕಡಲಿಗಿಳಿದ ಸಂಸಾರಿಗಳು

ವಸ್ತ್ರಾಪುರದಲ್ಲಿ ಕುಳಿತು ಸಮುದ್ರದ ಈಜಿನ ಪಂದ್ಯದ ಮಾತೆತ್ತಿದರೆ ಕೇಳಿದವರು ನಗುವುದು ಸಹಜವೇ. ನಮ್ಮ ಬಡಾವಣೆಯ ಜಲಸಂಪತ್ತೆಂದರೆ ಒಂದು ಕೆರೆ. ಅದನ್ನು ದಡದಲ್ಲಿ ನಿಂತು ನೋಡಬಹುದೇ ಹೊರತು ಇಳಿಯುವಂತಿಲ್ಲ. ಹಾಗಿದ್ದೂ ಕಳೆದ ಡಿಸೆಂಬರಿನಲ್ಲಿ ನಾವು ಐದು ಕನ್ನಡ ಮನೆಯವರು ಮಕ್ಕಳುಮರಿ ಸಮೇತ ದೀವ್‌ಗೆ ಹೋಗಿ, ಘೋಘ್ಲಾ ತೀರದಲ್ಲಿ 400 ಮೀಟರ್ ಈಜಿ, 2 ಕಿಲೋಮೀಟರ್ ಓಡಿ ಬಂದೆವು. ಗೆದ್ದವರಾರೆಂದು ವಾಚಕರು ಕೇಳಬಾರದು. ಕಡೆಯವರಾರೆಂಬುದನ್ನು ಮಾತ್ರ ನಾವು ಖಚಿತವಾಗಿ ಹೇಳಬಲ್ಲೆವು.

ಹತ್ತಿರದ ಕಡಲನ್ನು ಬಿಟ್ಟು 350 ಕಿಲೋಮೀಟರಿಗೂ ಮಿಕ್ಕಿದ ದಾರಿ ಹಿಡಿದದ್ದೇಕೆ? ಕಾರಣವುಂಟು. ಅಹಮದಾಬಾದಿಗೆ ಸಮೀಪವಾದದ್ದು ಖಂಭಾತ್ ಕೊಲ್ಲಿ. ಆದರೆ ಅದು ಈಜುವವರ ಕಡಲಲ್ಲ. ಕೊಲ್ಲಿಯ ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಲಾಳಿಕೆಯಲ್ಲಿ ಹೊಯ್ದ ಹಾಗೆ ಉಬ್ಬರದ ನೀರು ಒತ್ತಿಕೊಂಡು ಏರುತ್ತದೆ. ನಮ್ಮ ಮಂಗಳೂರಿನ ಕಡೆ ಉಬ್ಬರ ಇಳಿತಗಳ ಅಂತರ ಒಂದೂವರೆ ಮೀಟರಿನ ಆಸುಪಾಸು. ಭಾವನಗರದಲ್ಲಿ ದೊಡ್ಡ ಉಬ್ಬರದ ದಿನ ಅದು ಸುಮಾರು 10 ಮೀಟರ್! ಇಳಿತದಲ್ಲಿ ಹಡಗುಗಳು ಕೆಸರಿನಲ್ಲಿ ಕೂತುಬಿಡದಿರಲೆಂದು ಅಲ್ಲಿನ ಬಂದರಿಗೆ ಬಾಗಿಲು ಕಟ್ಟಿ ನೀರು ತಡೆದಿದ್ದಾರೆ. ಪಕ್ಕದ ಅಲಂಗ್‌ನಲ್ಲಿ 1983ರಿಂದ ಹಳೆಯ ಹಡಗುಗಳನ್ನು ಒಡೆಯುತ್ತಿರುವುದೂ ಈ ಉಬ್ಬರವನ್ನು ನಂಬಿಯೇ. ನೀರೇರಿದ ದಿನ ಹಡಗನ್ನು ದಡಕ್ಕೆ ನುಗ್ಗಿಸುತ್ತಾರೆ. ನೀರು ಇಳಿದುಹೋಗುತ್ತದೆ, ಹಡಗು ಉಳಿಯುತ್ತದೆ. ಅಂಥ ನೀರಿಗೆ ಮಕ್ಕಳನ್ನು ಇಳಿಸುವುದುಂಟೆ?

ಘೋಘ್ಲಾ ಹಾಗಲ್ಲ. 2020ರಲ್ಲಿ ನಮ್ಮ ದೇಶದ ಎಂಟು ಕಡಲತೀರಗಳಿಗೆ ನೀಲಿ ಬಾವುಟದ ಮನ್ನಣೆ ದೊರೆತಾಗ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡುಗಳ ಜೊತೆಯಲ್ಲಿ ಇದೂ ಇತ್ತು. 2025ರ ಮೇ ತಿಂಗಳಲ್ಲಿ ಮೊದಲ ಖೇಲೋ ಇಂಡಿಯಾ ಕಡಲತೀರ ಕ್ರೀಡೆಗಳು ನಡೆದದ್ದೂ ಇಲ್ಲೇ. ಕಬಡ್ಡಿ, ವಾಲಿಬಾಲ್‌ಗಳ ಸಂಗಡ ಸಮುದ್ರದ ಈಜೂ ಇತ್ತು. ಅದನ್ನು ಟಿ.ವಿ.ಯಲ್ಲಿ ನೋಡಿದ ನಮ್ಮ ಹನ್ನೆರಡು ವರ್ಷದ ಮಗಳು, "ಅಪ್ಪಾ, ನೀವು ಮರವಂತೆಯವರಲ್ಲವೇ, ನಿಮಗೆ ಇದೆಲ್ಲ ಬರುತ್ತದಲ್ಲ?" ಎಂದಳು. ನಾವು "ಬರದೆ ಏನು?" ಎಂದುಬಿಟ್ಟೆವು. ಎಲ್ಲ ಶುರುವಾದದ್ದು ಆ ಒಂದು ಮಾತಿನಿಂದ.

ನಿಜವನ್ನು ಇಲ್ಲಿ ಹೇಳಿಬಿಡುವುದೇ ಮೇಲು. ಮರವಂತೆಯ ನಮ್ಮ ಮನೆಯ ಜಗಲಿಯಲ್ಲಿ ಮಲಗಿದರೆ ಅಲೆಯ ಸದ್ದು ಕೇಳುತ್ತಿತ್ತು. ಆದರೆ ನಾವು ಒಂದು ದಿನವೂ ಮೊಣಕಾಲು ಮೀರಿದ ಕಡಲನ್ನು ಕಂಡವರಲ್ಲ. ನಮ್ಮ ಚಿಕ್ಕಜ್ಜ ಮಳೆಗಾಲದ ಒಂದು ಅಮಾವಾಸ್ಯೆಯಂದು ಸಮುದ್ರಸ್ನಾನಕ್ಕೆ ಹೋದವರು ತಿರುಗಿ ಬರಲಿಲ್ಲ. ಅಂದಿನಿಂದ ಅಜ್ಜಿಯ ಅಪ್ಪಣೆ: ಮನೆಯ ಮಕ್ಕಳಾರೂ ಕಡಲಿಗೆ ಇಳಿಯಕೂಡದು. ಅಜ್ಜಿ ಹೋದ ಮೇಲೆ ತಾಯಿ ಅದನ್ನು ನಡೆಸಿಕೊಂಡು ಬಂದರು. ನಾವು ಈಜು ಕಲಿತದ್ದು ಅಹಮದಾಬಾದಿಗೆ ಬಂದ ಮೇಲೆ, ಈಜುಗೊಳದಲ್ಲಿ, ನಲವತ್ತನೆಯ ವಯಸ್ಸಿನಲ್ಲಿ. ಜೊತೆಗೆ ಕಲಿತವಳು ನಮ್ಮಾಕೆ. ಆಕೆ ಧಾರವಾಡದವಳು, ಮದುವೆಯಾಗುವವರೆಗೆ ಕಡಲನ್ನೇ ನೋಡಿರಲಿಲ್ಲ.

ಈಜು ಮತ್ತು ಓಟ ಸೇರಿದ ಪಂದ್ಯಕ್ಕೆ ಅಕ್ವಥ್ಲಾನ್ ಎಂದು ಹೆಸರು. ಬಲ್ಲವರು ಒಂದು ಕಿಲೋಮೀಟರ್ ಈಜಿ ಐದು ಕಿಲೋಮೀಟರ್ ಓಡುತ್ತಾರೆ. ದೀವ್‌ನಿಂದ ಪಡುವಣಕ್ಕೆ ಇದೇ ಸೌರಾಷ್ಟ್ರದ ತೀರದಲ್ಲಿ ಚೋರ್ವಾಡ್‌ನಿಂದ ವೇರಾವಳದವರೆಗೆ ಅಖಿಲ ಭಾರತ ಮಟ್ಟದ ಸಮುದ್ರ ಈಜಿನ ಸ್ಪರ್ಧೆ ಬಹುಕಾಲದಿಂದ ನಡೆದುಬಂದಿದೆ. ಗಂಡಸರಿಗೆ 21 ನಾಟಿಕಲ್ ಮೈಲು, ಹೆಂಗಸರಿಗೆ ಆದ್ರಿಯಿಂದ 16 ನಾಟಿಕಲ್ ಮೈಲು ಎಂದು ಲೆಕ್ಕ. ಅದು ಶೂರರ ಮಾತು. ಸಂಸಾರಿಗಳಾದ ನಾವು 400 ಮೀಟರಿಗೆ ಮೂರು ತಿಂಗಳು ತಯಾರಿ ಮಾಡಿದೆವು. ಬೆಳಿಗ್ಗೆ ಐ.ಐ.ಎಂ. ರಸ್ತೆಯಲ್ಲಿ ಓಟ, ಸಂಜೆ ಈಜು. ಭಾನುವಾರಗಳಲ್ಲಿ ಓಟವು ಫಾಫ್ಡಾ ಜಲೇಬಿಯ ಅಂಗಡಿಯ ಮುಂದೆ ತಾನಾಗಿ ನಿಲ್ಲುತ್ತಿತ್ತು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ಪಂದ್ಯದ ನಿಯಮಗಳು ಸರಳ. ಒಬ್ಬರೇ ಈಜಕೂಡದು, ಇಬ್ಬಿಬ್ಬರು ಜೋಡಿ. ದಡಕ್ಕೆ ಸಮಾನಾಂತರವಾಗಿ, ಕಾವಲಿನವರ ಕಣ್ಣಳತೆಯಲ್ಲೇ ಈಜಬೇಕು. ಎಲ್ಲರಿಗೂ ಕಿತ್ತಳೆ ಬಣ್ಣದ ಟೋಪಿ. ನೀರಿಗಿಳಿಯುವಾಗ ಪ್ರತಿಯೊಬ್ಬರೂ ತಮ್ಮ ಚಪ್ಪಲಿಯನ್ನು ಸಾಲಿನಲ್ಲಿ ಬಿಡಬೇಕು, ಬಂದು ಮೆಟ್ಟಿಕೊಳ್ಳಬೇಕು. ಒಂದು ಜೊತೆ ಉಳಿದರೂ ದಡದವರಿಗೆ ತಿಳಿಯುತ್ತದೆ. ಇದು ಸೂರತ್‌ನಿಂದ ಬಂದಿದ್ದ ಹಿರಿಯರೊಬ್ಬರ ಉಪಾಯ. ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾವು ಕಂಡಿಲ್ಲ. ಒಂದು ಬಾಡಿಗೆ ದೋಣಿಯೂ ಸಂಗಡವಿತ್ತು.

ಬೆಳಿಗ್ಗೆ ಎಂಟಕ್ಕೆ ಸೀಟಿ ಊದಿದರು. ಮೊದಲ ನೂರು ಮೀಟರ್ ಸುಖವಾಗಿಯೇ ಕಳೆಯಿತು. ಈಜುಗೊಳದ ತಳದಲ್ಲಿ ದಾರಿ ತೋರಲು ಕಪ್ಪು ಗೆರೆಯಿರುತ್ತದೆ, ಕಡಲಿಗೆ ಅದಿಲ್ಲ. ಹತ್ತು ಕೈ ಬೀಸಿದ ಮೇಲೆ ತಲೆಯೆತ್ತಿ ಗುರುತು ನೋಡಿಕೊಳ್ಳಬೇಕು. ನಾವು ತಲೆಯೆತ್ತಿದಾಗ ಎದುರಿಗೆ ಬೋಯಾ ಇರಲಿಲ್ಲ, ಅಲೆಯಿತ್ತು. ಅದು ಬಾಯೊಳಕ್ಕೆ ಹೊಕ್ಕಿತು. ಉಪ್ಪು ಗಂಟಲಿಗಿಳಿದು ಕೆಮ್ಮು ಬಂತು, ಕೆಮ್ಮುವಾಗ ಇನ್ನೊಂದು ಅಲೆ. ಕಾಲಿಳಿಸಿದರೆ ನೆಲ ಸಿಗಲಿಲ್ಲ. ನೂರು ಗಜ ಆಚೆ ದಡ, ಚಪ್ಪಲಿಯ ಸಾಲು. ಆ ಕ್ಷಣದಲ್ಲಿ ನಾವು ಎಂದೂ ನೋಡದ ಚಿಕ್ಕಜ್ಜನ ನೆನಪು ಬಂತೆಂದರೆ ವಾಚಕರು ನಂಬಬೇಕು. ಎದೆ ಹಿಡಿದಂತಾಯಿತು, ಕೈಕಾಲು ಬಡಿಯತೊಡಗಿದೆವು.

ಮುಂದೆ ಹೋಗಿದ್ದ ನಮ್ಮಾಕೆ ತಿರುಗಿ ಬಂದಳು. ಹತ್ತಿರ ಬಂದವಳು ನಮ್ಮನ್ನು ಮುಟ್ಟಲಿಲ್ಲ; ಮುಳುಗುವವನು ಹಿಡಿದವರನ್ನೂ ಎಳೆಯುತ್ತಾನೆಂದು ಕಲಿಸಿದ್ದರು. ನಾಲ್ಕು ಮಾರು ದೂರದಿಂದಲೇ ಕೂಗಿದಳು: "ಕೈಕಾಲು ಬಡೀಬ್ಯಾಡ್ರೀ! ಬೆನ್ನ ಮ್ಯಾಲ ಮಲಕೋರಿ. ಉಪ್ಪುನೀರು ನಿಮ್ಮನ್ನ ಎತ್ತಿ ಹಿಡಿತದ. ಆಕಾಶ ನೋಡ್ರಿ." ಮರವಂತೆಯವರಿಗೆ ಧಾರವಾಡದವಳು ಕಡಲಿನ ಪಾಠ ಹೇಳಿದಳು! ನಾವು ಹೇಳಿದಂತೆ ಮಾಡಿದೆವು. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಹೆಚ್ಚು ತೂಕದ್ದು; ಪುಸ್ತಕದಲ್ಲಿ ಓದಿದ್ದ ಈ ಸಂಗತಿ ಅಂದು ಬೆನ್ನಿಗೆ ತಿಳಿಯಿತು. ಕಿವಿಯಲ್ಲಿ ನೀರು, ಕಣ್ಣಲ್ಲಿ ನೀಲಿ, ಉಸಿರು ಹದಕ್ಕೆ ಬಂತು. ದೋಣಿಯವನು ಬಳಿ ಬಂದು "ಚಾಲೋ, ಬೇಸೀ ಜಾವ್" ಎಂದ. ಹತ್ತಿಬಿಡೋಣವೆಂದೇ ನಮ್ಮ ಮನಸ್ಸು. ನಮ್ಮಾಕೆ ಏನೂ ಹೇಳಲಿಲ್ಲ, ಸುಮ್ಮನೆ ತೇಲುತ್ತ ಕಾದಳು. ನಾವು ಬೇಡವೆಂದು ತಲೆಯಾಡಿಸಿ ಕಪ್ಪೆಯ ಈಜಿನಲ್ಲಿ ಮೆಲ್ಲಗೆ ಹೊರಟೆವು. ದೋಣಿ ಕಡೆಯವರೆಗೆ ಹಿಂದೆಯೇ ಇತ್ತು.

ದಡ ಸೇರಿ ಎದ್ದುನಿಂತರೆ ಕಾಲು ಗಂಜಿಯಾಗಿತ್ತು. ಇಷ್ಟು ಹೊತ್ತು ಅಡ್ಡ ಮಲಗಿದ್ದ ದೇಹ ಒಮ್ಮೆಲೇ ನೆಟ್ಟಗಾದಾಗ ಹೀಗಾಗುವುದುಂಟಂತೆ. ಅಲೆ ತಾಕಿ ಗಟ್ಟಿಯಾದ ಒದ್ದೆ ಮರಳಿನ ಅಂಚಿನಲ್ಲೇ ಓಡಿದೆವು. ಒಣ ಮರಳು ಹೆಜ್ಜೆಯನ್ನು ನುಂಗುತ್ತದೆ. ಹೆಂಗಸರಲ್ಲಿ ಮೊದಲಿಗಳಾಗಬೇಕಿದ್ದವಳು ನಮ್ಮ ಪಕ್ಕದಲ್ಲೇ ಓಡಿ ಕಡೆಯವಳಾದಳು. ಮಗಳು ಆಗಲೇ ಮುಗಿಸಿ ಎರಡನೆಯ ಬಾಳೆಹಣ್ಣು ತಿನ್ನುತ್ತಿದ್ದಳು.

ಸಂಜೆ ಊರಿಗೆ ಫೋನು ಮಾಡಿ ತಾಯಿಗೆ ಎಲ್ಲವನ್ನೂ ಹೇಳಿದೆವು. ಬಹಳ ಹೊತ್ತು ಮಾತಿಲ್ಲ. ಬೈಗುಳಕ್ಕೆ ಸಿದ್ಧರಾಗಿ ಕೂತಿದ್ದೆವು. "ತಲೆಗೆ ಸಿಹಿನೀರ್ ಹೊಯ್ಕಂಡ್ಯಾ ಮಗಾ?" ಎಂದು ಕೇಳಿದರು, ಅಷ್ಟೇ. ಆಮೇಲೆ ಸೊಸೆಯನ್ನು ಕರೆಯೆಂದು ಹೇಳಿ, ಆಕೆಯೊಡನೆ ಅರ್ಧ ಗಂಟೆ ಮಾತನಾಡಿದರು. ಏನು ಮಾತೆಂದು ನಮಗೆ ಇನ್ನೂ ತಿಳಿದಿಲ್ಲ.

ಮುಂದಿನ ಚಳಿಗಾಲದಲ್ಲಿ ಮತ್ತೆ ಹೋಗುವ ವಿಚಾರವಿದೆ. ಬಡೋದೆಯಿಂದ ಎರಡು ಮನೆಯವರು ಬರುತ್ತೇವೆಂದಿದ್ದಾರೆ. ಬರುವವರು ಈಗಿನಿಂದಲೇ ಬೆನ್ನಮೇಲೆ ತೇಲುವುದನ್ನು ಕಲಿತುಕೊಳ್ಳಲಿ. ಚಪ್ಪಲಿ ಮಾತ್ರ ಗುರುತು ಸಿಗುವಂಥದು ತರಲಿ. ಈ ಸಲ ಮೂರು ಜೊತೆ ಒಂದೇ ನಮೂನೆಯವಾಗಿ ದಡದವರ ಪ್ರಾಣ ಹಾರಿತ್ತು.