ಹೊಸ ಬೆಕ್ಕಿನ ಮರಿ ಬಂತಾ? ಹಳೆ ಬೆಕ್ಕಿಗೆ ಮೊದಲು ಮುಖ ಅಲ್ಲ, ವಾಸನೆ ಪರಿಚಯಿಸಿ

ಮಳೆಗಾಲದಲ್ಲಿ ಕಾರ್ ಬಾನೆಟ್ ಒಳಗೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ‘ಮಿಯಾಂವ್’ ಅಂತ ಸಣ್ಣ ದನಿ ಕೇಳಿಸುತ್ತೆ. ನೋಡಿದ್ರೆ ಅಂಗೈಯಷ್ಟು ದೊಡ್ಡ ಮರಿ. ಬಿಟ್ಟು ಬರೋಕೆ ಮನಸ್ಸಾಗಲ್ಲ, ಎತ್ಕೊಂಡು ಮನೆಗೆ ಬರ್ತೀರಿ. ಆದ್ರೆ ಮನೇಲಿ ಈಗಾಗ್ಲೇ ಒಂದೋ ಎರಡೋ ಬೆಕ್ಕಿದ್ರೆ? ಇವತ್ತು ನಾನು ಮಾತಾಡೋದು ಅದರ ಬಗ್ಗೆ.

ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ, ಮರಿಯನ್ನ ಹಾಲ್ ಮಧ್ಯೆ ಬಿಟ್ಟು, ಹಳೆ ಬೆಕ್ಕನ್ನ ಎತ್ಕೊಂಡು ಬಂದು ‘ನೋಡು, ನಿನ್ನ ತಮ್ಮ’ ಅಂತ ತೋರಿಸ್ತೀವಿ. ಹಳೇದು ಬುಸ್ ಅನ್ನುತ್ತೆ, ಪಂಜದಿಂದ ಹೊಡೆಯುತ್ತೆ. ಮರಿ ಸೋಫಾ ಕೆಳಗೆ ಸೇರ್ಕೊಳ್ಳುತ್ತೆ. ನಾಲ್ಕು ದಿನ ನೋಡಿ, ‘ಇವೆರಡಕ್ಕೂ ಆಗಿಬರಲ್ಲ’ ಅಂತ ಎಷ್ಟೋ ಜನ ಮರಿಯನ್ನ ಮತ್ತೆ ಬೀದಿಗೆ ಬಿಡ್ತಾರೆ. ಅಲ್ಲಿ ಅದು ಉಳಿಯೋದು ಕಷ್ಟ. ಹೊಂದಾಣಿಕೆಗೆ ಬೇಕಾಗಿದ್ದ ಸಮಯವನ್ನೇ ನಾವು ಕೊಟ್ಟಿರಲ್ಲ.

ಬೆಕ್ಕಿಗೆ ಮನೆ ಅಂದ್ರೆ ವಾಸನೆ. ಕೆನ್ನೆ, ಹಣೆ, ಪಂಜ, ಬಾಲದ ಬುಡದಲ್ಲಿ ಅದಕ್ಕೆ ವಾಸನೆಯ ಗ್ರಂಥಿಗಳಿವೆ. ಬಾಗಿಲಿಗೆ, ನಿಮ್ಮ ಕಾಲಿಗೆ ಅದು ಕೆನ್ನೆ ಉಜ್ಜೋದು ಬರೀ ಮುದ್ದಿಗಲ್ಲ, ‘ಇದು ನನ್ನದು’ ಅನ್ನೋ ಗುರುತು ಹಾಕೋಕೆ. ಆ ಗುರುತುಗಳ ನಡುವೆ ಏಕಾಏಕಿ ಅಪರಿಚಿತ ವಾಸನೆ ಬಂದ್ರೆ, ಅದರ ಪಾಲಿಗೆ ಯಾರೋ ಮನೆಗೆ ನುಗ್ಗಿದ ಹಾಗೆ.

ಆದ್ರೆ ಪರಿಚಯಕ್ಕಿಂತ ಮುಂಚೆ ಆರೋಗ್ಯ. ಬೀದಿ ಮರಿಯನ್ನ ಮೊದಲು ಪಶುವೈದ್ಯರಿಗೆ ತೋರಿಸಿ, ಆಮೇಲೆ ಸುಮಾರು ಎರಡು ವಾರ ಬೇರೆ ರೂಮಿನಲ್ಲಿಡಿ. ಯಾಕಂದ್ರೆ ಪ್ಯಾನ್‌ಲ್ಯುಕೋಪೀನಿಯಾ ಅನ್ನೋ ವೈರಸ್ ಕಾಯಿಲೆ ಮರಿಗಳಿಗೆ ಪ್ರಾಣಾಂತಕ. ಅದು ಬಟ್ಟೆ, ಚಪ್ಪಲಿ, ತಟ್ಟೆ ಮೂಲಕವೂ ಹರಡುತ್ತೆ, ಮನೆಯೊಳಗೆ ತಿಂಗಳುಗಟ್ಟಲೆ ಉಳಿಯಬಲ್ಲದು. ಹಳೆ ಬೆಕ್ಕಿನ ಲಸಿಕೆ ಬಾಕಿ ಇದ್ರೆ ಈಗಲೇ ಹಾಕಿಸಿ. ಇನ್ನೊಂದು ವಿಷಯ, ಮರಿ ಇರೋ ರೂಮನ್ನ ಫಿನಾಯಿಲ್‌ನಿಂದ ಒರೆಸಬೇಡಿ. ಫೀನಾಲ್ ಬೆಕ್ಕುಗಳಿಗೆ ವಿಷ.

‘ನಂದು ಒಂದೇ ರೂಮಿನ ಮನೆ’ ಅಂತೀರಾ? ಬಾತ್‌ರೂಮ್ ಆದರೂ ಆಗುತ್ತೆ. ನೆಲ ಒಣಗಿಸಿ, ಹಳೆ ಬೆಡ್‌ಶೀಟ್ ಹಾಕಿ. ಬಕೆಟ್ಟಿನ ನೀರು ಮಾತ್ರ ಮರೆಯದೆ ಚೆಲ್ಲಿ, ಮರಿ ಅದರಲ್ಲಿ ಬಿದ್ದು ಮುಳುಗಬಹುದು.

ಡಾಕ್ಟರ್ ‘ಪರವಾಗಿಲ್ಲ’ ಅಂದ ಮೇಲೆ ಪರಿಚಯ ಶುರು.

ಮೊದಲನೇದು, ಬಟ್ಟೆ. ಮರಿ ಮಲಗಿದ ಬಟ್ಟೆಯನ್ನ ಹಳೆ ಬೆಕ್ಕಿನ ಹತ್ತಿರ ಇಡಿ, ಇದರದ್ದನ್ನ ಅದಕ್ಕೆ ಕೊಡಿ. ಮೂಸಿ ಬುಸ್ ಅಂದ್ರೆ ಬೈಬೇಡಿ. ಮೂಸಿ ಸುಮ್ಮನೆ ಹೋಯ್ತು ಅಂದ್ರೆ ಅರ್ಧ ಕೆಲಸ ಆಯ್ತು.

ಎರಡನೇದು, ಊಟ. ಮುಚ್ಚಿದ ಬಾಗಿಲಿನ ಆಚೆ ಒಂದು ತಟ್ಟೆ, ಈಚೆ ಒಂದು ತಟ್ಟೆ. ಮೊದಲು ಬಾಗಿಲಿನಿಂದ ದೂರ ಇಟ್ಟು, ದಿನಾ ಸ್ವಲ್ಪ ಹತ್ತಿರ ತನ್ನಿ. ಆ ವಾಸನೆ ಬಂದಾಗೆಲ್ಲ ಒಳ್ಳೇದೇ ಆಗುತ್ತೆ ಅಂತ ಎರಡೂ ಕಲೀತವೆ.

ಮೂರನೇದು, ಜಾಗ ಅದಲುಬದಲು. ಹಳೆ ಬೆಕ್ಕು ಮರಿಯ ರೂಮಿನಲ್ಲಿ ಅರ್ಧ ಗಂಟೆ, ಮರಿ ಹಾಲ್‌ನಲ್ಲಿ ಅರ್ಧ ಗಂಟೆ. ಒಂದನ್ನೊಂದು ನೋಡೋ ಹಾಗಿಲ್ಲ.

ಇಷ್ಟಾದ ಮೇಲೆ ಮುಖಾಮುಖಿ. ಬಾಗಿಲು ಎರಡು ಬೆರಳಷ್ಟು ತೆಗೆದು ಅಥವಾ ಜಾಲರಿ ಇಟ್ಟು ತೋರಿಸಿ. ಆಮೇಲೆ ಒಂದೇ ರೂಮಿನಲ್ಲಿ ಐದು ನಿಮಿಷ, ನೀವು ಎದುರಿಗಿರುವಾಗ ಮಾತ್ರ. ಮರಿಗೆ ಮೊದಲೇ ಆಟ ಆಡಿಸಿ ಸುಸ್ತು ಮಾಡಿಸಿ, ಯಾಕಂದ್ರೆ ಹಳೇದಕ್ಕೆ ಕಿರಿಕಿರಿ ಆಗೋದೇ ಮರಿ ಬಾಲ ಹಿಡಿದು ಎಳೆದಾಗ.

ಬುಸ್ ಅನ್ನೋದು, ಉಗುರು ತೆಗೆಯದೆ ಒಂದೇಟು ಕೊಡೋದು ಮಾಮೂಲಿ. ಅದು ‘ದೂರ ಇರು’ ಅನ್ನೋ ಮಾತು. ಕಿವಿ ತಲೆಗೆ ಅಂಟಿಸ್ಕೊಂಡು ಅಟ್ಟಿಸ್ಕೊಂಡು ಹೋದ್ರೆ, ಲಿಟರ್ ಬಾಕ್ಸ್‌ಗೆ ಹೋಗೋ ದಾರೀಲಿ ಕಾದು ಕೂತ್ರೆ, ಒಂದು ಹಂತ ಹಿಂದೆ ಹೋಗಿ. ಜಗಳ ಬಿಡಿಸೋಕೆ ಕೈ ಹಾಕ್ಬೇಡಿ, ಮಧ್ಯೆ ದಿಂಬು ಅಥವಾ ರಟ್ಟು ಇಡಿ.

ಲಿಟರ್ ಬಾಕ್ಸ್ ಎಷ್ಟು ಬೇಕು? ಬೆಕ್ಕುಗಳ ಸಂಖ್ಯೆಗಿಂತ ಒಂದು ಜಾಸ್ತಿ, ಬೇರೆ ಬೇರೆ ಮೂಲೆಯಲ್ಲಿ. ಹಳೆ ಬೆಕ್ಕಿಗೆ ಬೀರು ಮೇಲೋ ಕಪಾಟಿನ ಮೇಲೋ ಮರಿ ಹತ್ತಲಾಗದ ಜಾಗ ಇರಲಿ. ಮೊದಲ ಊಟ, ಮೊದಲ ಮುದ್ದು ಅದಕ್ಕೇ ಸಿಗಲಿ.

ಈಗ ಹೇಳೋದನ್ನ ಗಮನವಿಟ್ಟು ಕೇಳಿ. ಹಳೆ ಬೆಕ್ಕು ಒಂದು ದಿನ ಪೂರ್ತಿ ಊಟ ಬಿಟ್ರೆ ‘ಕೋಪ ಮಾಡ್ಕೊಂಡಿದೆ’ ಅಂತ ನಗಬೇಡಿ, ಡಾಕ್ಟರ್‌ಗೆ ಫೋನ್ ಮಾಡಿ. ಕೆಲವು ದಿನ ಉಪವಾಸ ಇದ್ರೆ, ಅದರಲ್ಲೂ ದಪ್ಪ ಬೆಕ್ಕುಗಳಿಗೆ, ಲಿವರ್‌ನಲ್ಲಿ ಕೊಬ್ಬು ತುಂಬುವ ಅಪಾಯ ಇದೆ. ಗಂಡು ಬೆಕ್ಕು ಪದೇ ಪದೇ ಲಿಟರ್ ಬಾಕ್ಸ್‌ನಲ್ಲಿ ಕೂತು ಮುಕ್ಕುತ್ತಾ ಇದ್ದು ಮೂತ್ರ ಬರದಿದ್ರೆ ಅದು ತುರ್ತು. ರಾತ್ರಿಯಾದ್ರೂ ಸರಿ, ತಕ್ಷಣ ಕರ್ಕೊಂಡು ಹೋಗಿ.

ಎಷ್ಟು ದಿನ ಹಿಡಿಯುತ್ತೆ? ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳು. ಎರಡೂ ತಬ್ಬಿಕೊಂಡು ಮಲಗೋ ರೀಲ್ಸ್ ನಿಮ್ಮನೇಲಿ ಆಗದೇನೂ ಇರಬಹುದು. ಒಂದೇ ರೂಮಿನಲ್ಲಿ, ಒಂದು ಕಿಟಕಿ ಹತ್ರ, ಇನ್ನೊಂದು ಮಂಚದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದ್ರೆ ಅಷ್ಟು ಸಾಕು.

ಮರಿ ಎತ್ಕೊಂಡು ಬಂದ ಗೆಳೆಯರಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ.