ಬೆಲ್ಲವೂ ಸಿಹಿಯೇ

ಸಂಕ್ರಾಂತಿಗೆ ಎಳ್ಳುಬೆಲ್ಲ, ನಾಗರ ಪಂಚಮಿಗೆ ತಂಬಿಟ್ಟು, ಯುಗಾದಿಗೆ ಹೋಳಿಗೆ. ಹಿರಿಯರ ಸಿಹಿಗೆ ಪಂಚಾಂಗವೇ ಕಡಿವಾಣವಾಗಿತ್ತು. ಇಂದು ಸಿಹಿಗೆ ತಿಥಿಯಿಲ್ಲ; ಕಾಫಿ, ಬಿಸ್ಕತ್ತುಗಳ ಜೊತೆ ದಿನವೂ ಒಳಸೇರುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ.

ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಸಾಕೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಬೆಲ್ಲದಲ್ಲಿ ತುಸು ಖನಿಜಾಂಶ ಉಂಟಾದರೂ ಬಹುಪಾಲು ಸುಕ್ರೋಸೇ. ಆದ್ದರಿಂದ ವಸ್ತು ಬದಲಿಸುವುದಕ್ಕಿಂತ ಅಳತೆ ತಗ್ಗಿಸುವುದು ಮುಖ್ಯ.

ಉಂಡೆಯಾದರೆ ಕಟ್ಟಲು ಪಾಕ ಬೇಕು. ಬೆಲ್ಲ ಕಡಿಮೆಯಾದರೆ ಉದುರುತ್ತದೆ. ಎಳ್ಳುಬೆಲ್ಲಕ್ಕೆ ಆ ಹಂಗಿಲ್ಲ. ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಹೆಚ್ಚಿಸಿ, ಬೆಲ್ಲದ ಚೂರುಗಳನ್ನು ಅರ್ಧಕ್ಕಿಳಿಸಿದರೂ ರುಚಿ ಕೆಡದು. ಮನೆಯ ತಿಂಡಿಯ ನಿಜವಾದ ಲಾಭ ಇದೇ: ಅಳತೆ ಮಾಡುವವರ ಕೈಯಲ್ಲೇ ಇರುತ್ತದೆ.